ಕಲ್ಲುನೆಲದಲ್ಲಿ ಉಳಿದ ತಮ್ಮ

ಮಸ್ಕತ್‌ನ ವಾದಿ ಅದಾಯ್ ಬಡಾವಣೆಯಲ್ಲಿ, ನಾನು ಚಿಕ್ಕವನಿದ್ದಾಗ, ನಮ್ಮ ಕಿಟಕಿಯ ಹೊರಗೆ ಒಂದು ಹಸಿರೆಲೆಯೂ ಕಾಣುತ್ತಿರಲಿಲ್ಲ. ಬರೀ ಕಂದು ಬಣ್ಣದ ಕಲ್ಲುಬೆಟ್ಟ. ಕೆಳಗಿನ ಗ್ಯಾರೇಜುಗಳಿಂದ ಬಿಸಿ ಗ್ರೀಸಿನ ವಾಸನೆ ಮೆಟ್ಟಿಲೇರಿ ಮನೆಯೊಳಕ್ಕೆ ಬರುತ್ತಿತ್ತು. ಅದು ಎಂಬತ್ತರ ದಶಕ. ಉಡುಪಿಯಿಂದ ಬಂದ ಅಪ್ಪ ಅಲ್ಲಿ ಆಫೀಸೊಂದರಲ್ಲಿ ಗುಮಾಸ್ತರಾಗಿದ್ದರು.

ಆ ಬೇಸಿಗೆಯಲ್ಲಿ ನನಗೊಬ್ಬ ತಮ್ಮ ಹುಟ್ಟಿದ. ಗುಲಾಬಿ ಬಣ್ಣದ ಅಂಗೈ, ಮೈತುಂಬ ಹಾಲಿನ ವಾಸನೆ. ತಿಂಗಳು ತುಂಬುವ ಮೊದಲೇ ಜ್ವರ ಬಂದು, ಒಂದು ಬೆಳಿಗ್ಗೆ ಅಮ್ಮನ ಮಡಿಲಲ್ಲೇ ಕಣ್ಣುಮುಚ್ಚಿದ.

ಊರಿಗೆ ಒಯ್ಯಲು ಆಗುವುದಿಲ್ಲ, ಇಲ್ಲಿಯೇ ಮಣ್ಣು ಮಾಡಬೇಕು ಎಂದು ಅಪ್ಪ ಮೆಲ್ಲಗೆ ಹೇಳಿದರು. ಅಮ್ಮ ಮಗುವನ್ನು ಎದೆಗವಚಿಕೊಂಡರು.

"ನಾನು ಕೊಡುದಿಲ್ಲ. ನಾಳೆ ನಾವು ಊರಿಗೆ ಹೋದ್ರೆ ಇಲ್ಲಿ ಇವನನ್ನು ನೋಡುವವರು ಯಾರು?"

ಅಕ್ಕ ಅಳುತ್ತಾ ಅವರ ಸೆರಗು ಹಿಡಿದು ನಿಂತಿದ್ದಳು.

ಆ ವಾರ ನಾವು ಹೋಗುತ್ತಿದ್ದ ಆಂಗ್ಲಿಕನ್ ಚರ್ಚಿಗೆ ಬಿಷಪರು ಬಂದಿದ್ದರು. ಇಂಗ್ಲೆಂಡಿನವರು, ವಯಸ್ಸಾದವರು. ಕೊಲ್ಲಿ ದೇಶಗಳ ಚರ್ಚುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಅವರು ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದರು. ಅಂದು ವಿಮಾನಕ್ಕೆ ಹೊರಟಿದ್ದವರು ಸುದ್ದಿ ಕೇಳಿ, ಪ್ರಯಾಣ ನಿಲ್ಲಿಸಿ ನಮ್ಮ ಮನೆಗೇ ಬಂದರು. ಅವರ ನೇರಳೆ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅಪ್ಪ ಕುರ್ಚಿ ಕೊಟ್ಟರೂ ಒಲ್ಲದೆ ಅಮ್ಮನ ಎದುರು ನೆಲದ ಮೇಲೆ ಕೂತರು.

ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಪ್ಪ ಕನ್ನಡದಲ್ಲಿ ಹೇಳುತ್ತಾ ಹೋದರು. "ಪ್ರಾಯದಲ್ಲಿ ಆಫ್ರಿಕಾದ ಒಂದು ಹಳ್ಳಿಯಲ್ಲಿ ಪಾದ್ರಿಯಾಗಿದ್ರಂತೆ. ಅಲ್ಲಿ ಇವರ ಮಗಳು ತೀರಿಹೋದಳಂತೆ. ಆಮೇಲೆ ಬೇರೆ ದೇಶಕ್ಕೆ ಕಳಿಸಿದ್ರಂತೆ. ಮತ್ತೆ ಅವಳ ಸಮಾಧಿ ನೋಡ್ಲಿಕ್ಕೇ ಆಗಲಿಲ್ಲವಂತೆ..."

ಅಮ್ಮ ತಲೆಯೆತ್ತಿದರು. "ಈಗಲೂ ನೆನಪಾಗ್ತದಾ, ಕೇಳಿ."

ಅಪ್ಪ ಕೇಳಿದರು. ದಿನಾಲೂ ಆಗುತ್ತದೆ ಎಂದು ಹೇಳಿ ಬಿಷಪರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಅಮ್ಮ ಮಗುವನ್ನು ಅವರ ಕೈಗೆ ಕೊಟ್ಟರು.

ಸಂಜೆ ಸ್ಮಶಾನದ ಬಿಸಿಗಾಳಿಯಲ್ಲಿ ಹಾರೆ ಕಲ್ಲಿಗೆ ಬಡಿದು ಠಣ್ ಎನ್ನುತ್ತಿತ್ತು. ಬಿಷಪರು ಪ್ರಾರ್ಥಿಸುತ್ತಿದ್ದರು. ಅಮ್ಮ ಮಾತ್ರ ಕೊನೆಯವರೆಗೂ ಆ ಸಣ್ಣ ಗುಂಡಿಯನ್ನೇ ನೋಡುತ್ತಿದ್ದರು.

ಅಂದಿನಿಂದ ಮಸ್ಕತ್‌ಗೆ ಬಂದಾಗಲೆಲ್ಲ ಬಿಷಪರು ಅಮ್ಮನ ಜೊತೆ ಅಲ್ಲಿಗೆ ಹೋಗುತ್ತಿದ್ದರು. ತೊಂಬತ್ತರ ದಶಕದಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದರು, ಅಲ್ಲಿಯೇ ತೀರಿಕೊಂಡರು. ನಾವೂ ಊರಿಗೆ ಬಂದೆವು. ಅಮ್ಮ ಹೆದರಿದಂತೆಯೇ ಆಯಿತು; ತಮ್ಮನನ್ನು ನೋಡುವವರು ಅಲ್ಲಿ ಯಾರೂ ಉಳಿಯಲಿಲ್ಲ.

ಮೊಮ್ಮಕ್ಕಳೇ, ನೀವು ದುಬೈಯಲ್ಲಿರುವ ಅತ್ತೆಯ ಮಗುವನ್ನು ದಿನಾ ಫೋನಿನಲ್ಲಿ ನೋಡುತ್ತೀರಿ. ಅದಕ್ಕೆ ಹಲ್ಲು ಬಂದದ್ದು ನನಗಿಂತ ಮೊದಲು ನಿಮಗೇ ಗೊತ್ತಾಯಿತು. ನನ್ನ ತಮ್ಮನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಬದುಕಿದ್ದರೆ ಈಗ ಅವನು ನಿಮಗೆ ಚಿಕ್ಕಜ್ಜನಾಗಿರುತ್ತಿದ್ದ.