ಚಂದ್ರಾಮಪ್ಪ ಮತ್ತು ಊರು ಮರೆತ ಬಿದಿರು ಶಾರ್ಕ್

ಶಿವಪ್ರಕಾಶ ಜೇವರ್ಗಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕ. ಹೆಸರಿಗೆ ಅತಿಥಿ, ಚಹಾ ಮಾತ್ರ ತಾನೇ ತಂದುಕೊಳ್ಳಬೇಕು. ಸಮುದ್ರದ ತಳದ ಶಾರ್ಕ್‌ಗಳ ಬಗ್ಗೆ ಗಂಟೆಗಟ್ಟಲೆ ಪಾಠ ಹೇಳುವ ಅವನು ಕಂಡಿದ್ದ ದೊಡ್ಡ ನೀರೆಂದರೆ ಭೀಮಾ ನದಿ, ಅದೂ ಬಸ್ಸಿನ ಕಿಟಕಿಯಿಂದ. ಅವನಿಗೆ ಅನುಮಾನ ಬಂದರೆ ಪುಸ್ತಕಕ್ಕಿಂತ ಮೊದಲು ಕೇಳುತ್ತಿದ್ದುದು ಲ್ಯಾಬಿನ ಅಟೆಂಡರ್ ಚಂದ್ರಾಮಪ್ಪನವರನ್ನು.

ಚಂದ್ರಾಮಪ್ಪ ದಿನಾ ಲಿಂಗಪೂಜೆ ಮಾಡುವವರು, ತತ್ತಿ ಸಹ ಮುಟ್ಟಿದವರಲ್ಲ. ಮೂವತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ದಿನವೇ ಕರಾವಳಿಯಿಂದ ಬಂದ ಡಬ್ಬಿಯ ಮುಚ್ಚಳವನ್ನು ಅವರ ಕೈಯಿಂದಲೇ ತೆಗೆಸಿದ್ದರು. ಒಳಗೆ ಕೊಳೆಯದಂತೆ ಫಾರ್ಮಾಲಿನ್‌ನಲ್ಲಿ ನೆನೆಸಿಟ್ಟ ಶಾರ್ಕ್‌ಗಳು. ಅವತ್ತು ಹೆಂಡತಿ ಗೌರಾಬಾಯಿ ಮೂರು ಸಲ ಕೈ ತೊಳೆಸಿಯೇ ರೊಟ್ಟಿ ಬಡಿಸಿದ್ದಳಂತೆ. ಆಗಿನ ಲ್ಯಾಬೆಂದರೆ ಜಾತ್ರೆ: ಕಣ್ಣುರಿ, ಕತ್ತರಿಯ ಸದ್ದು, ತಲೆ ತಿರುಗಿ ಕೂತ ಹುಡುಗರು. ಪ್ರಾಣಿಗಳನ್ನು ಕೊಯ್ದು ನೋಡುವ ಡಿಸೆಕ್ಷನ್ ನಿಂತಮೇಲೆ ಡಬ್ಬಿಗಳೂ ನಿಂತವು. ಉಳಿದದ್ದು ಹತ್ತು ಜಾಡಿ. ಒಂದರಲ್ಲಿ ಬಿದಿರು ಶಾರ್ಕ್ ಎಂಬ ಜಾತಿಯ ಮೊಳದುದ್ದದ ಮೀನು.

ಪ್ರತಿ ಸೋಮವಾರ ಚಂದ್ರಾಮಪ್ಪ ಅದರ ಜಾಡಿಗೆ ಒದ್ದೆ ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. “ಸತ್ತು ನಮಗ ವಿದ್ಯಾ ಕೊಟ್ಟದ್ರಿ ಸರ,” ಎನ್ನುತ್ತಿದ್ದರು.

ಕಳೆದ ತಿಂಗಳು ಲ್ಯಾಬನ್ನು ಕಂಪ್ಯೂಟರ್ ಕೋಣೆ ಮಾಡುವುದೆಂದಾಯಿತು. ಜಾಡಿಗಳನ್ನು ನೋಡಲು ಕಡಗಂಚಿಯ ವಿಶ್ವವಿದ್ಯಾಲಯದಿಂದ ಸಂಶೋಧಕಿ ನರ್ಮದಾ ಬಂದರು. ಎಲ್ಲಿ, ಯಾವಾಗ ಹಿಡಿದದ್ದೆಂದು ಚೀಟಿ ಇದ್ದವನ್ನು ಒಯ್ಯುವುದು, ಉಳಿದವನ್ನು ಹೂಳಿಸುವುದು.

“ಕಾಕಾ, ಮೊದಲ ಇವು ಎಲ್ಲಿದ್ದವು ಅಂತ ತಿಳಿದ್ರ, ಈಗ ಎಲ್ಲಿ ಕಡಿಮಿ ಆಗ್ಯಾವ ಅಂತ ಗೊತ್ತಾಗ್ತದ. ಅಲ್ಲಿ ಮೀನಿನ ಬಲಿ ಎಳೀಬ್ಯಾಡ್ರಿ ಅನ್ನಬಹುದು,” ಎಂದರು ನರ್ಮದಾ.

ಬಿದಿರು ಶಾರ್ಕ್‌ನ ಜಾಡಿಯ ವಿಭೂತಿಯನ್ನು ಅವರೇ ಒರೆಸಿದರು. ಕೆಳಗೆ ಚೀಟಿ ಇತ್ತು. ಅಕ್ಷರಗಳಿರಲಿಲ್ಲ. ಮೂವತ್ತು ವರ್ಷದ ಸೋಮವಾರಗಳು ಶಾಯಿಯನ್ನೆಲ್ಲ ತೊಳೆದುಬಿಟ್ಟಿದ್ದವು.

ಶಿವಪ್ರಕಾಶ ಹತ್ತಿರ ಸರಿದು ಪಿಸುಗುಟ್ಟಿದ: “ಕಾಕಾ, ಮಲ್ಪೆ ಅಂದುಬಿಡ್ರಿ. ಯಾರು ನೋಡ್ಯಾರ?”

“ನೀವು ತಪ್ಪು ಪಾಠ ಹೇಳಿದ್ರ ಹುಡುಗರು ಪರೀಕ್ಷಾ ಬರದು ಮರೀತಾರ ಸರ,” ಎಂದರು ಚಂದ್ರಾಮಪ್ಪ. “ಇಲ್ಲಿ ತಪ್ಪು ಹೇಳಿದ್ರ ಶಾರ್ಕ್ ಇಲ್ಲದ ಜಾಗಾ ಕಾಯ್ತಾರ, ಇದ್ದ ಜಾಗಾದಾಗ ಬಲಿ ಬೀಳ್ತದ.”

ನರ್ಮದಾರ ಕಡೆ ತಿರುಗಿ ಹೇಳಿದರು: “ನನ್ನ ಕೈಲೇ ಅಳಿಸೇದ ಮೇಡಂ. ಊರು ನೆನಪಿಲ್ಲ. ಹೂಳೂದು ಸಂಜಿತನಕ ಬಿಡ್ರಿ, ಹುಡುಗರಿಗೆ ಒಮ್ಮೆ ತೋರಸ್ತೀನಿ, ಸಾಕು.”

ಮಧ್ಯಾಹ್ನ ಡಿಗ್ರಿಯ ಮೂರೂ ವರ್ಷದ ತರಗತಿಗಳ ಹುಡುಗ ಹುಡುಗಿಯರು ಲ್ಯಾಬಿನಲ್ಲಿ ತುಂಬಿದರು. “ಎಲ್ಲಾ ಶಾರ್ಕ್ ಈಜ್ಕೋತನ ಇರಬೇಕಂತಿಲ್ಲ,” ಎಂದು ಶುರುಮಾಡಿದರು ಚಂದ್ರಾಮಪ್ಪ. “ಇದು ತಳಕ್ಕ ಸುಮ್ನ ಮಲಗಿದ್ರೂ ನೀರು ಎಳಕೊಂಡು ಉಸಿರಾಡ್ತದ. ತತ್ತಿ ಚೀಲದಾಗ ಇಡ್ತದ. ಮರಿ ಹೊರಗ ಬರಾಕ ತಿಂಗಳುಗಟ್ಲೆ ಬೇಕು. ಅಷ್ಟರಾಗ ಬಲಿ ಕೆಳಗ ಬಾಚಿ ಹೋದ್ರ, ತಾಯಿನೂ ಹೋತು, ಚೀಲನೂ ಹೋತು.”

ಯಾರೂ ಮೊಬೈಲ್ ತೆಗೆಯಲಿಲ್ಲ. ಕೊನೆಯ ಬೆಂಚಿನಲ್ಲಿ ಕೂತ ಶಿವಪ್ರಕಾಶ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದ. ಹಾಜರಿ ಕರೆಯಬೇಕಾದವನು ತಾನೆಂಬುದು ಗಂಟೆ ಹೊಡೆದ ಮೇಲೆ ನೆನಪಾಯಿತು.