ಲಿಸ್ಬನ್ನಿನಲ್ಲಿ ಕೊಂಡ ಟೋಪಿ

ಅವ್ವಾ, ನಿನ್ನ ತಮ್ಮ ಬಸು ಮಾಮಾನ ಮುಖ ಕೊನೆಯ ಸಲ ನಿನಗೆ ಕಾಣದಂತೆ ಮಾಡಿದವಳು ನಾನು. ಅವನ ಮಗ ಗಿರೀಶನಲ್ಲ. ನಿನಗಾಗಿ ಕಾಯಬೇಡ ಎಂದು ಅವನಿಗೆ ಹೇಳಿದ ಬಾಯಿ ನನ್ನದು.

ನನ್ನ ಬಾಣಂತನಕ್ಕೆಂದು ನೀನು ಅಮೆರಿಕಕ್ಕೆ, ಪ್ಲೇನೋಗೆ ಬಂದ ವರ್ಷ ಅದು. ಆರು ತಿಂಗಳಲ್ಲಿ ನೀನು ಕಂಡದ್ದಾದರೂ ಏನು — ನಮ್ಮ ಅಡುಗೆಮನೆ, ಕೂಸಿನ ತೊಟ್ಟಿಲು, ಫ್ರೀವೇ ಮೇಲೆ ಹಿಂದಿನ ಸೀಟಿನಿಂದ ಕಂಡಷ್ಟು ಡಲ್ಲಾಸ್. ಊರಿಗೆ ಹೋಗುವ ದಾರಿಯಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ತೋರಿಸಿಯೇ ಕಳಿಸುತ್ತೇನೆಂದು ಹಟ ಹಿಡಿದೆ. ಕೂಸನ್ನು ಗಂಡನ ಬಳಿ ಬಿಟ್ಟು ಅಲ್ಲಿಯವರೆಗೆ ನಿನ್ನ ಜೊತೆ ಬಂದೆ. ಅಲ್ಲಿಂದ ನೀನು ಹುಬ್ಬಳ್ಳಿಗೆ, ನಾನು ವಾಪಸ್ ಟೆಕ್ಸಾಸಿಗೆ.

ಲಿಸ್ಬನ್ನಿನಲ್ಲಿ ನಮ್ಮ ಕೊನೆಯ ದಿನ. ಹಳದಿ ಟ್ರಾಮಿನಲ್ಲಿ ಗುಡ್ಡ ಹತ್ತಿ ಇಳಿದೆವು. ಮನೆಗಳ ಹೊರಗೋಡೆಗೆ ಹಚ್ಚಿದ ನೀಲಿ ಟೈಲ್ಸನ್ನು ಸವರಿ ನೀನು, "ತೊಳ್ಯಾಕ ಎಷ್ಟ ಚೊಲೊ ನೋಡು" ಅಂದಿದ್ದೆ. ಹಳೆಯ ಬಂದರಿನ ಮೆಟ್ಟಿಲ ಮೇಲೆ ಕೂತು, ಗೋವಾಕ್ಕೆ ಬಂದ ಹಡಗುಗಳು ಇಲ್ಲಿಂದಲೇ ಹೊರಟವು ಎಂದು ನಾನು ಹೇಳಿದಾಗ ನಿನಗೆ ನಗು. "ಹಂಗಾರ ನಮ್ಮೂರಿಗೆ ಸನೇನ ಆತಲ್ಲ!"

ನೀನು ಚಪಾತಿ, ಶೇಂಗಾ ಚಟ್ನಿ ಬಿಚ್ಚುತ್ತಿದ್ದಾಗ ಗಿರೀಶನ ಫೋನ್ ಬಂತು. ಎದ್ದು ದೂರ ಹೋದೆ.

"ಅಕ್ಕಾ, ಅಪ್ಪ ಹೋದ್ರು... ಹಾರ್ಟ್ ಅಟ್ಯಾಕ್. ಅತ್ತಿ ಬರೂತನಕ ಮಣ್ಣ ಮಾಡೂದಿಲ್ಲ. ಐಸ್ ಪೆಟ್ಟಿಗಿ ತರಸೇನಿ. ಹೆಂಗರ ಮಾಡಿ ಲಗೂ ಕಳಸು."

ಅಂದೇ ವಿಮಾನ ಬದಲಿಸಿದ್ದರೆ ಮರುದಿನ ಸಂಜೆಗೆ ನೀನು ಅಲ್ಲಿರುತ್ತಿದ್ದೆ. ಬದಲಿಸದಿದ್ದರೂ ಮರುದಿನ ಹೇಗೂ ನಿನ್ನ ವಿಮಾನವಿತ್ತು — ಗಿರೀಶ ಇನ್ನೊಂದು ದಿನ ಕಾಯುತ್ತಿದ್ದ.

"ಕಾಯಬ್ಯಾಡ ಗಿರೀಶ. ಅವ್ವಗ ಬಿಪಿ ಐತಿ, ಪರದೇಶದಾಗ ಏನರ ಆದರ? ಮುಗಿಸಿಬಿಡ್ರಿ. ನನ್ನ ಕೇಳಿದ್ದಿ ಅಂತ ಆಕಿಗೆ ಹೇಳಬ್ಯಾಡ."

ಬಿಪಿ ಇದ್ದದ್ದು ನಿಜ. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಬಿಪಿಯಲ್ಲ, ಅವ್ವಾ. ನೀನು ಹಕ್ಕಿಗಳಿಗೆ ಚಪಾತಿ ಚೂರು ಎಸೆದು ನಗುತ್ತಿದ್ದೆ. ಆರು ತಿಂಗಳು ನಿನ್ನನ್ನು ದುಡಿಸಿಕೊಂಡಿದ್ದೆ; ಅದರ ಬದಲಿಗೆ ಒಂದು ದಿನ, ಒಂದೇ ಒಂದು ಚೆಂದದ ದಿನ ಕೊಟ್ಟೆ ಎನ್ನಿಸಬೇಕಿತ್ತು ನನಗೆ. ಅದು ಅರ್ಧಕ್ಕೇ ಹಾಳಾಗುವುದು ಬೇಡವಾಗಿತ್ತು. ಇಷ್ಟೇ — ಇಷ್ಟು ಸಣ್ಣ ಮಾತಿಗೆ ನಿನ್ನ ತಮ್ಮನನ್ನು...

ಊಟವಾದ ಮೇಲೆ ನೀನು ಬಸು ಮಾಮಾನಿಗೆಂದು ಉಣ್ಣೆಯ ಟೋಪಿ ಆರಿಸಿದೆ. "ಅವಂದೂ ನಿಂದೂ ತಲಿ ಒಂದ ಅಳತಿ" ಎಂದು ನನ್ನ ತಲೆಗೇ ಹಾಕಿ, ಕಿವಿಯ ಮೇಲೆ ಎಳೆದು ನೋಡಿದೆ. ಸತ್ತವನ ಟೋಪಿ ಹಾಕಿಕೊಂಡು ನಾನು ನಕ್ಕೆ. ನಕ್ಕೆನವ್ವಾ.

ಮರುದಿನ ಏರ್‌ಪೋರ್ಟಿನಲ್ಲಿ ನೀನು ವೀಲ್‌ಚೇರಿನ ಮೇಲೆ ಕೂತು, "ಬಸೂಗ ಟೋಪಿ ಹಾಕಿ ಫೋಟೊ ಕಳಸ್ತೀನಿ" ಎಂದೆ. ನಾನು ಕೈ ಬೀಸಿದೆ. ಆಗಲೂ ಹೇಳಲಿಲ್ಲ.

ನೀನು ಊರು ಮುಟ್ಟಿದ ಮೇಲೆ ಸಾವಿನ ಸುದ್ದಿ ಹೇಳಿದವನು ಗಿರೀಶ. ಒಂದು ದಿನ ಕಾಯಲು ಆಗಲಿಲ್ಲವೇ ಎಂದು ನೀನು ಅವನ ಅಂಗಿ ಹಿಡಿದು ಕೇಳಿದಾಗ ತಲೆ ತಗ್ಗಿಸಿ ನಿಂತನಂತೆ. ಕೊಟ್ಟ ಮಾತು ಉಳಿಸಿಕೊಂಡ. ಅಂದಿನಿಂದ ನೀನು ತವರಿನ ಹೊಸ್ತಿಲು ತುಳಿದಿಲ್ಲ. ಪ್ರತಿ ಪಂಚಮಿಗೆ ಅವನು ಅಪ್ಪನ ಹಾಗೆಯೇ ಉಂಡಿಯ ಡಬ್ಬಿ ಹಿಡಿದು ನಿನ್ನನ್ನು ಕರೆಯಲು ಬರುತ್ತಾನೆ. ನೀನು ನೀರೂ ಕೊಡದೆ ಬಾಗಿಲಿಂದಲೇ ಕಳಿಸುತ್ತೀಯ. "ಮುಖಾ ತೋರಸಲಾರದವನ ಮನ್ಯಾಗ ನನಗೇನ ಕೆಲಸ" ಎಂದು ವಿಡಿಯೋ ಕಾಲ್‌ನಲ್ಲಿ ನನಗೆ ಹೇಳಿ ಅಳುತ್ತೀಯ. ನಾನು ಇಲ್ಲಿ ಪ್ಲೇನೋದ ಅಡುಗೆಮನೆಯಲ್ಲಿ ನಿಂತು "ಹೂಂ" ಎನ್ನುತ್ತೇನೆ. ವರ್ಷವರ್ಷವೂ "ಹೂಂ" ಎಂದಿದ್ದೇನೆ. ಅಂದಿನದಕ್ಕಿಂತ ದೊಡ್ಡ ತಪ್ಪು ಇದೇ ಏನೋ.

ನಾಳೆ ಪಂಚಮಿ; ಅವನು ಮತ್ತೆ ಬರುತ್ತಾನೆ. ಅವನು ಬರುವ ಮೊದಲೇ, ಇಂದು, ನಿನಗೆ ಫೋನ್ ಮಾಡಿ ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ನನ್ನ ಜೊತೆ ಮಾತು ಬಿಟ್ಟರೆ ಬಿಡು. ಕ್ಷಮಿಸು ಎಂದು ಕೇಳುವುದಿಲ್ಲ. ಅವನನ್ನು ಮಾತ್ರ ಒಳಗೆ ಕರೆ, ಅವ್ವಾ — ನಿನಗಾಗಿ ಕಾಯುತ್ತೇನೆ ಎಂದವನು ಅವನೊಬ್ಬನೇ.