ಡ್ರಮ್ಮಿನ ಮೇಲಿದ್ದ ಚೀನೀ ಅಕ್ಷರ

ಫ್ಲೆಕ್ಸ್ ಬಂದ ಮೇಲೂ ಶಹಾಪುರದಲ್ಲಿ ಕುಂಚ ಬಿಡದೆ ಉಳಿದ ಬೋರ್ಡ್ ಪೇಂಟರ್ ಸುಲ್ತಾನಸಾಬ ಒಬ್ಬನೇ. ಕನ್ನಡ, ಉರ್ದು, ತೆಲುಗು ಮೂರನ್ನೂ ಪೆನ್ಸಿಲ್ ಗೆರೆಯಿಲ್ಲದೆ ಬರೆಯಬಲ್ಲವ. ಅಂಗಡಿಗಳವರು ಕರೆಯುವುದು ನಿಂತಾಗ ಗಯಾಸನ ಗುಜರಿಯಲ್ಲಿ ಕೆಲಸಕ್ಕೆ ನಿಂತ.

ಅಲ್ಲಿಗೆ ಲಾರಿಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಬರುತ್ತಿದ್ದವು. ಅವುಗಳ ಮೇಲಿನ ಅಚ್ಚನ್ನು ಕೆಲಸದವರು ಉಸುಕಿನ ಕಾಗದದಿಂದ ತಿಕ್ಕುತ್ತಿದ್ದರು. ತಿಕ್ಕಿದ ಜಾಗಕ್ಕೆ ಬಿಳಿ ಬಣ್ಣ ಬಳಿದು ‘ಶುದ್ಧ ಕುಡಿಯುವ ನೀರು’ ಎಂದು ಬರೆಯುವುದು ಸುಲ್ತಾನಸಾಬನ ಕೆಲಸ. ಡ್ರಮ್ಮಿನ ಬಾಯಿಂದ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಬರುತ್ತಿತ್ತು. ಸಾಬೂನಿನ ಎಣ್ಣೆ ಇತ್ತೆಂದು ಗಯಾಸ ಹೇಳಿದ್ದ. ಇವನು ನಂಬಿದ್ದ.

ಒಂದು ದಿನ ತಿಕ್ಕಲು ಮರೆತ ಡ್ರಮ್ಮೊಂದು ಅವನ ಮುಂದೆ ಬಂತು. ಅದರ ಮೇಲೆ ಕಪ್ಪಗೆ, ಅಂಗೈಯಗಲ, ಒಂದೇ ಅಕ್ಷರ: 毒. ಗೆರೆಗಳ ತೂಕ ನೋಡಿ ಪೇಂಟರನಿಗೆ ಖುಷಿಯಾಯಿತು. ಫೋಟೊ ತೆಗೆದುಕೊಂಡು ಮನೆಗೆ ಹೋಗಿ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮಗಳು ಫರ್ಹತಳಿಗೆ ತೋರಿಸಿದ. ಅವಳು ಫೋನಿಗೇ ಅರ್ಥ ಕೇಳಿದಳು.

“ಅಬ್ಬಾಜಾನ್, ಚೀನಾದವರ ಅಕ್ಷರ ಅದು. ವಿಷ ಅಂತ.”

ಸುಲ್ತಾನಸಾಬ ತನ್ನ ಬಲಗೈ ನೋಡಿಕೊಂಡ. ಆ ಕೈಯಿಂದ ನಲವತ್ತಕ್ಕೂ ಹೆಚ್ಚು ಡ್ರಮ್ಮುಗಳಿಗೆ ಶುದ್ಧ ಎಂದು ಬರೆದಿದ್ದ. ಶುದ್ಧದ ಒತ್ತಕ್ಷರಕ್ಕೆ ಚೆಂದದ ಬಳುಕನ್ನೂ ಕೊಟ್ಟಿದ್ದ. ಅವತ್ತು ರೊಟ್ಟಿ ಮುರಿಯಲು ಆ ಕೈ ಮುಂದೆ ಬರಲಿಲ್ಲ.

ಬೆಳಿಗ್ಗೆ ಗಯಾಸನನ್ನು ಕೇಳಿದ. ಗಯಾಸ ಗುಟ್ಕಾ ಅಗಿಯುತ್ತ, “ಮೂರು ಸಲ ತೊಳಸ್ತೀನಲ್ಲೋ. ಇನ್ನೇನ್ ಉಳದಿರ್ತದ?” ಎಂದ. ತೊಳೆಯುವುದನ್ನು ಸುಲ್ತಾನಸಾಬ ದಿನಾ ನೋಡುತ್ತಿದ್ದ. ಒಂದೇ ಹೊಂಡದ ನೀರು, ಮೇಲೆ ಹಳದಿ ನೊರೆ, ಅದರಲ್ಲೇ ಎಲ್ಲ ಡ್ರಮ್ಮುಗಳ ಸ್ನಾನ.

“ನಿಮ್ಮ ಮನ್ಯಾಗ ಇದರಾಗಿನ ನೀರು ಕುಡೀತೀರೇನ್ರಿ ಸೇಠ?”

“ನಮ್ಮ ಮನ್ಯಾಗ ಫಿಲ್ಟರ್ ಅದ,” ಎಂದು ಗಯಾಸ ಹಲ್ಲು ಕಿಸಿದ. ಗುಟ್ಕಾದ ಕೆಂಪು ರಸ ಗದ್ದಕ್ಕಿಳಿಯಿತು. ಸುಲ್ತಾನಸಾಬ ತನ್ನ ಕುಂಚ, ಕೆಂಪು ಬಣ್ಣದ ಡಬ್ಬಿ ಎತ್ತಿಕೊಂಡು ಹೊರಬಿದ್ದ.

ಬಸ್‌ಸ್ಟ್ಯಾಂಡಿನ ಹತ್ತಿರ ಹಣಮಂತಮ್ಮನ ಖಾನಾವಳಿ. ತಿಂಗಳಿಂದ ಅವನು ಮಧ್ಯಾಹ್ನ ಉಣ್ಣುತ್ತಿದ್ದುದು ಅಲ್ಲಿಯೇ. ಮೂಲೆಯಲ್ಲಿ ಅವನೇ ಬರೆದ ಡ್ರಮ್ಮು. ಅವಳು ಅದರೊಳಗೆ ಚೆಂಬು ಅದ್ದಿ ಅವನ ಮುಂದಿಟ್ಟಳು. ನೀರು ತಿಳಿಯಾಗಿಯೇ ಇತ್ತು. ಮೂಗಿಗೆ ಮಾತ್ರ ಅದೇ ಬೆಳ್ಳುಳ್ಳಿ. ಇಷ್ಟು ದಿನ ಅದನ್ನು ಅಡುಗೆಯ ಒಗ್ಗರಣೆ ಎಂದುಕೊಂಡಿದ್ದ. ಎದ್ದು ಹೋಗಿ ಚರಂಡಿಯ ಬಳಿ ವಾಂತಿ ಮಾಡಿಕೊಂಡ. ಬಾಯಿ ಮುಕ್ಕಳಿಸಲೂ ಆ ನೀರೇ ಇತ್ತು. ತೋಳಿನಿಂದ ಒರೆಸಿಕೊಂಡು ಬಂದು ಎಲ್ಲ ಹೇಳಿದ.

ಹಣಮಂತಮ್ಮ ನಂಬಲಿಲ್ಲ. “ನಿನಗೂ ಅವಗೂ ಏನೋ ಜಗಳ ಆಗ್ಯಾದ, ಸುಲ್ತಾನಣ್ಣ. ಅದಕ್ಕ ನನ್ನ ಡ್ರಮ್ಮಿನ ಮ್ಯಾಲ ಹೇಳಾಕತ್ತಿ.”

ಅವನು ಚಮಚದಿಂದ ತನ್ನದೇ ಅಕ್ಷರಗಳನ್ನು ಕೆರೆದ. ಬಿಳಿ ಬಣ್ಣದಡಿ ಅಳಿದುಳಿದ ಗೆರೆಗಳು ಕಂಡವು. ಫೋಟೊ ಇದ್ದ ಫೋನು ಮನೆಯಲ್ಲಿ ಮಗಳ ಬಳಿಯೇ ಉಳಿದಿದ್ದರಿಂದ, ಆ ಗೆರೆಗಳನ್ನು ಕೆಂಪು ಬಣ್ಣದಿಂದ ಅಂದಾಜಿನಲ್ಲಿ ತುಂಬಿ, “ನಿನ್ನ ಫೋನೇ ಹಿಡಿಯಕ್ಕ,” ಎಂದ. ಮೇಲಿನ ಭಾಗ ತಪ್ಪಿತ್ತು. ಫೋನು ಕೆಳಗಿನ ಅರ್ಧವನ್ನಷ್ಟೇ ಓದಿ ‘ತಾಯಿ’ ಎಂದು ತೋರಿಸಿತು.

“ನೋಡು, ತಾಯಿ ಅಂತದ,” ಎಂದು ಹಣಮಂತಮ್ಮ ಅದೇ ನೀರನ್ನು ಸಾರಿನ ಬೋಗುಣಿಗೆ ಸುರಿದಳು.

ಅವನು ಮನೆಗೆ ಓಡಿದ. ಫರ್ಹತ ಫೋನಿನಲ್ಲಿ ಆ ಅಕ್ಷರ ಬರೆಯುವ ವಿಡಿಯೊ ಹುಡುಕಿದಳು. ಮೊದಲು ಎರಡು ಅಡ್ಡಗೆರೆ, ಮೇಲಿಂದ ಇಳಿಯುವ ಕಂಬ, ಅಡಿಗೆ ಮೂರನೆಯ ಅಡ್ಡಗೆರೆ. ಕೆಳಗೆ ವಾಲಿದ ಪೆಟ್ಟಿಗೆಗೆ ಎರಡು ಗೆರೆ. ಆಮೇಲೆ ಒಂದು ಚುಕ್ಕೆ, ಪೆಟ್ಟಿಗೆಯನ್ನು ಸೀಳುವ ಗೆರೆ, ಇನ್ನೊಂದು ಚುಕ್ಕೆ. ಒಟ್ಟು ಒಂಬತ್ತು. ಶಹಾಬಾದಿ ಕಲ್ಲಿನ ನೆಲದ ಮೇಲೆ ಒದ್ದೆ ಕುಂಚದಿಂದ ಬರೆದ. ಒಣಗಿದ ಹಾಗೆ ಮತ್ತೆ ಬರೆದ. ಮೊದಲ ದಿನ ಚೆಂದ ಕಂಡಿದ್ದ ಅಕ್ಷರ ಈಗ ಹುಳು ಮುಟ್ಟಿದ ಹಾಗೆ ಅನಿಸುತ್ತಿತ್ತು. ಆದರೂ ಫೋನು ಓದುವ ತನಕ ಬಿಡಲಿಲ್ಲ.

ಅಪ್ಪ ಮಗಳು ಇಬ್ಬರೂ ಖಾನಾವಳಿಗೆ ಬಂದರು. ಅವನು ಉಳಿದ ಗುರುತಿನ ಮೇಲೆಯೇ ಒಂಬತ್ತು ಗೆರೆಗಳನ್ನು ಕೂರಿಸಿದ. ಹಣಮಂತಮ್ಮನ ಫೋನು ‘ವಿಷ’ ಎಂದಿತು. ಅವಳು ಫೋನು ಕೆಳಗಿಳಿಸಿ ಮತ್ತೆ ಹಿಡಿದಳು. ಮತ್ತೆ ಅದೇ.

ಸಾರನ್ನೂ ನೀರನ್ನೂ ಚೆಲ್ಲಿ, ಕೊಡಲಿ ತಂದು ಡ್ರಮ್ಮಿನ ತಳ ಸೀಳಿದಳು. “ಇದರಾಗ ಇನ್ನ ಯಾರೂ ಹನಿ ನೀರು ತುಂಬಬಾರದು,” ಎಂದಳು. ಆಮೇಲೆ ಸೆರಗಿನಿಂದ ನಾಲಿಗೆ ಒರೆಸಿಕೊಳ್ಳುತ್ತಲೇ ಕೂತಳು.

ಆ ವಾರ ಸುಲ್ತಾನಸಾಬ ಊರೆಲ್ಲ ತಿರುಗಿ ಇಪ್ಪತ್ತಾರು ಡ್ರಮ್ಮುಗಳ ಮೇಲೆ ಆ ಅಕ್ಷರ ಬರೆದ, ಅದರ ಕೆಳಗೆ ಕನ್ನಡದಲ್ಲೂ ಬರೆದ. ಉಳಿದವು ಸಿಗಲಿಲ್ಲ. ನಗರಸಭೆಯಲ್ಲಿ ದೂರು ಕೊಟ್ಟಾಗ ವಿಚಾರಿಸುತ್ತೇವೆ ಎಂದರು. ಗಯಾಸ ಗುಜರಿಯಲ್ಲಿ ಮಿಕ್ಕ ಡ್ರಮ್ಮುಗಳಿಗೆ ಹಸಿರು ಬಣ್ಣ ಹೊಡೆಸಿ ತೆಲಂಗಾಣ ಗಡಿಯ ಗುರುಮಠಕಲ್ ಕಡೆ ಸಾಗಿಸಿದ ಸುದ್ದಿ ಬಂತು.

“ಅಲ್ಲಿ ತೆಲುಗಿನ್ಯಾಗ ಬರಿಬೇಕಾಗ್ತದ,” ಎಂದು ಸುಲ್ತಾನಸಾಬ ಮಗಳಿಗೆ ಹೇಳಿದ. ಮರುದಿನ ಮನೆಯಿಂದಲೇ ನೀರಿನ ಬಾಟಲಿ ಕಟ್ಟಿಕೊಂಡು ಬೆಳಗಿನ ಬಸ್ಸು ಹತ್ತಿದ.